ಒಣ ತೂಕ

ಸೆಪ್ಟೆಂಬರ್ 2, ಸೋಮವಾರ

ನಮ್ಮ ಅಂಗಡಿಯಲ್ಲಿ ನಿಂತಿರುವ ಕಲ್ಲು ಸುಳ್ಳು ಹೇಳಲಿದೆ. ಆ ಸುಳ್ಳನ್ನು ಕೆತ್ತಬೇಕಾದವಳು ನಾನು.

ಬೆಳಿಗ್ಗೆ ಮೇಸ್ತ್ರಿ ನನ್ನ ಕೈಗಿಟ್ಟ ಕಾಗದದಲ್ಲಿ ಮೊದಲ ಸಾಲು, "ಸೇನಾ ಸಾರಿಗೆ ವಿಮಾನದ ಸಿಬ್ಬಂದಿಯ ಸ್ಮರಣೆಗೆ." ಅದರ ಕೆಳಗೆ ಐದು ಹೆಸರು. ಕೊನೆಯ ಸಾಲು, "ಪ್ರತಿಕೂಲ ಹವಾಮಾನಕ್ಕೆ ಬಲಿಯಾದ ವೀರರು." ಇಪ್ಪತ್ಮೂರು ವರ್ಷದ ಹಿಂದೆ, ನಾನು ಹುಟ್ಟುವುದಕ್ಕೆ ಮೂರು ತಿಂಗಳು ಮೊದಲು, ನೆರೆಯಲ್ಲಿ ಸಿಕ್ಕಿಕೊಂಡವರಿಗೆ ಕಂಬಳಿ ಹೊತ್ತು ಹೊರಟ ವಿಮಾನ ಗುಡ್ಡ ದಾಟಲಾರದೆ ಬಿತ್ತು. ಚಹಾ ಅಂಗಡಿಯ ಬೆಂಚಿಗೂ ಗೊತ್ತು, ಅದು ಬಿದ್ದದ್ದು ಹವಾಮಾನಕ್ಕಲ್ಲ, ಭಾರಕ್ಕೆ. ಹೊರಲಾರದಷ್ಟು ತುಂಬಿ ಕಳಿಸಿದರು.

ಯುದ್ಧದಲ್ಲಿ ಬಾಂಬು ಹಾಕಿದವರಿಗೆ ಈ ಊರಿನ ಚೌಕಗಳಲ್ಲಿ ಪ್ರತಿಮೆಗಳಿವೆ. ಕಂಬಳಿ ಹೊತ್ತವರಿಗೆ ಇಷ್ಟು ವರ್ಷದ ಮೇಲೆ ಒಂದು ಕಲ್ಲು, ಅದರಲ್ಲೂ ಸುಳ್ಳು!

"ಮೇಸ್ತ್ರಿ, ಈ ಕೊನೇ ಸಾಲು ನಾನು ಕೆತ್ತಲ್ಲ" ಎಂದೆ.

"ಶುರುವಾಯ್ತಲ್ಲ ಪ್ರಶ್ನೆಪತ್ರಿಕೆ" ಎಂದರು. ಅದು ಅವರು ನನಗಿಟ್ಟ ಹೆಸರು. "ತಾಯಿ, ಮೊದಲನೇ ಸಾಲಾದ್ರೂ ಕೆತ್ತು. ಕೊನೇದಕ್ಕೆ ಬರೋ ಹೊತ್ತಿಗೆ ನಿನ್ನ ಕೋಪ ಮೊಂಡಾಗಿರುತ್ತೆ."

"ಮೊಂಡಾಗೋದು ಉಳಿ, ಮೇಸ್ತ್ರಿ. ಕೋಪ ಅಲ್ಲ."

"ಹಾಗಾದ್ರೆ ಕೋಪದಲ್ಲೇ ಕೆತ್ತು. ನನಗೆ ಸಾಣೆ ಹಿಡಿಯೋ ಕೆಲಸ ತಪ್ಪುತ್ತೆ."

ನಗಲಿ. ರದ್ದಿ ಅಂಗಡಿಯಿಂದ ಹೆಕ್ಕಿ ತಂದ ನಲವತ್ತೆರಡು ಹೋರಾಟದ ಕಿರುಹೊತ್ತಿಗೆಗಳು ನನ್ನ ಮಂಚದ ಕೆಳಗಿವೆ. ಅವುಗಳಲ್ಲೊಂದರ ವಾಕ್ಯವನ್ನು ಇವತ್ತು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ: ಭಾರ ಹೊರುವವನು ಸಹಿ ಹಾಕುವುದಿಲ್ಲ, ಸಹಿ ಹಾಕುವವನು ಭಾರ ಹೊರುವುದಿಲ್ಲ. ಕಲ್ಲಿನ ಅನಾವರಣ 29ರ ಭಾನುವಾರ. ಅಷ್ಟರೊಳಗೆ ಆ ಸಹಿ ಯಾರದೆಂದು ಈ ಊರಿಗೆ ಗೊತ್ತಾಗಬೇಕು.

ಸೆಪ್ಟೆಂಬರ್ 4, ಬುಧವಾರ

ಮಧ್ಯಾಹ್ನ ನಾಲ್ಕು ಹನಿ ಬಿತ್ತು. ಅಷ್ಟಕ್ಕೇ ಅಪ್ಪ ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರು ಬಿಟ್ಟು ಓಡಿ ಬಂದು ತಂತಿಯ ಮೇಲಿನ ಬಟ್ಟೆಗಳನ್ನೆಲ್ಲ ಎಳೆದು ಒಳಗೆ ತಂದ. ನಮ್ಮವೂ, ಪಕ್ಕದ ಮನೆಯವರವೂ. ಒಂದೊಂದನ್ನೂ ಕೆನ್ನೆಗೆ ಒತ್ತಿ, ಒಣಗಿದೆಯೇ ಎಂದು ನೋಡಿದ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ನಿಮ್ಮಪ್ಪ ಇರೋವಾಗ ನಮಗೆ ರೇಡಿಯೋದವರ ಹವಾಮಾನ ಯಾಕೆ ಬೇಕು ಹೇಳು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಊರು ಅವನನ್ನು ತಕ್ಕಡಿ ಎನ್ನುತ್ತದೆ. ಏನನ್ನು ಕೈಗೆ ಕೊಟ್ಟರೂ ಒಂದು ಗಳಿಗೆ ಎತ್ತಿ ಹಿಡಿದು, ತುಟಿಯಲ್ಲೇ ತೂಕ ಹೇಳಿಕೊಂಡು ಆಮೇಲೆ ಕೆಳಗಿಡುತ್ತಾನೆ. ಪುಸ್ತಕ, ನೀರಿನ ಕೊಡ, ಕುಂಬಳಕಾಯಿ. ಚಿಕ್ಕವಳಿದ್ದಾಗ ನನ್ನನ್ನೂ. ಕೌಂಟರಿನಲ್ಲಿ ಪ್ರತಿಯೊಂದು ಪಾರ್ಸೆಲನ್ನೂ ಎರಡು ಸಲ ತೂಗುತ್ತಾನೆ. ಸಾಲು ರಸ್ತೆಯವರೆಗೆ ಬೆಳೆಯುತ್ತದೆ, ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಬೈಸಿಕೊಂಡೇ ಎರಡನೇ ಸಲ ತೂಗುತ್ತಾನೆ. ಆ ಅಭ್ಯಾಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲೋಕ ಹೊತ್ತಿ ಉರಿಯುವಾಗ ಗ್ರಾಂ ಎಣಿಸುವ ಮನುಷ್ಯ!

ನಾನು ಹುಟ್ಟುವ ಮೊದಲು ಅವನು ವಿಮಾನ ನೆಲೆಯಲ್ಲಿ ಸಾಮಾನು ಹೊರುತ್ತಿದ್ದ. ಊಟಕ್ಕೆ ಕೂತಾಗ ಕೇಳಿದೆ.

"ಅಪ್ಪ, ಆ ಕಂಬಳಿ ವಿಮಾನಕ್ಕೆ ತುಂಬಿದವರು ಯಾರು?"

"ಬಹಳ ಜನ ಇದ್ವಿ."

"ಭಾರ ಜಾಸ್ತಿ ಅಂತ ಒಬ್ಬರಿಗೂ ಗೊತ್ತಾಗ್ಲಿಲ್ವಾ?"

ಅವನು ನನ್ನ ಲೋಟಕ್ಕೆ ನೀರು ಬಗ್ಗಿಸಿದ. ಲೋಟವನ್ನೂ ಒಂದು ಗಳಿಗೆ ಎತ್ತಿ ಹಿಡಿದೇ ಇಟ್ಟ. "ಊಟ ತಣ್ಣಗಾಗ್ತಿದೆ, ಮಾಡು."

ದುಡಿಯುವವನ ಬಾಯಿಗೆ ಹೆದರಿಕೆಯ ಬೀಗ. ಅಮ್ಮ ಹೋದ ಮೇಲಂತೂ ಬೀಗದ ಕೈಯೂ ಕಳೆದಿದೆ. ಇಂಥವರ ಪರವಾಗಿಯೇ ನಾನು ಬರೆಯಬೇಕು.

ಸೆಪ್ಟೆಂಬರ್ 7, ಶನಿವಾರ

ಕೆತ್ತುವ ಮೊದಲು ಕಲ್ಲಿನ ಮೇಲೆ ಸೀಸದ ಕಡ್ಡಿಯಲ್ಲಿ ಅಕ್ಷರ ಬರೆದು, ಮನೆಯವರನ್ನು ಕರೆಸಿ ಓದಿಸುವುದು ನಮ್ಮಲ್ಲಿ ನಿಯಮ. ಕಲ್ಲಿಗೆ ರಬ್ಬರ್ ಇಲ್ಲ ಎನ್ನುತ್ತಾರೆ ಮೇಸ್ತ್ರಿ.

ಇವತ್ತು ಐದನೆಯ ಹೆಸರಿನ ಹೆಂಡತಿ ಬಂದಿದ್ದರು. ಆತ ಆ ವಿಮಾನದ ಲೋಡ್ ಮಾಸ್ಟರ್. ಸಾಮಾನಿನ ಜೊತೆಗೇ ಹಾರುವವನು, ಯಾವ ಭಾರ ಎಲ್ಲಿ ಕೂರಬೇಕೆಂದು ನೋಡುವವನು. ಆಕೆ ನೀರಿನ ತೊಟ್ಟಿಯ ರಸ್ತೆಯಲ್ಲಿ ಲಾಂಡ್ರಿ ನಡೆಸುತ್ತಾರೆ, ಊರಿಗೆಲ್ಲ ಲಾಂಡ್ರಿ ಅಕ್ಕ. ಕನ್ನಡಕ ಹಾಕಿಕೊಂಡು ಗಂಡನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ಈ ಕೊನೇ ದೀರ್ಘ ಜಾಸ್ತಿ ಆಯ್ತಲ್ಲ. ಅವರು ಗಿಡ್ಡಕ್ಕೇ ಬರೀತಿದ್ರು. ಎಳೆದು ಕೂಗ್ತಿದ್ದೋಳು ನಾನೊಬ್ಬಳೇ."

ತಪ್ಪು ನನ್ನದೇ. ಕಾಗದದಲ್ಲಿ ದೀರ್ಘ ಇರಲಿಲ್ಲ. ಒರೆಸಲು ಒದ್ದೆ ಬಟ್ಟೆ ಎತ್ತಿದೆ. ಆಕೆ ನನ್ನ ಮಣಿಕಟ್ಟು ಹಿಡಿದರು. "ಒಂದು ನಿಮಿಷ ಇರ್ಲಿ."

ಒಂದು ನಿಮಿಷ ನೋಡಿದರು. "ಹೂಂ, ಈಗ ಒರೆಸು."

ಹೋಗುವಾಗ ನಾನು ಬಿಡಲಿಲ್ಲ. "ಅಕ್ಕ, ಹವಾಮಾನ ಅಂತ ಬರೆದಿದಾರಲ್ಲ, ನೀವು ನಂಬ್ತೀರಾ?"

"ನಂಬೋದು ಬಿಡೋದು ಆಮೇಲೆ. ಸೋಮವಾರ ಲಾಂಡ್ರಿ ಕಡೆ ಬಾ, ಒಂದು ವಸ್ತು ಎತ್ತಿಸ್ತೀನಿ."

ಸೆಪ್ಟೆಂಬರ್ 9, ಸೋಮವಾರ

ಲಾಂಡ್ರಿಯಲ್ಲಿ ಎರಡು ಮಿಷನ್ನುಗಳು. ಸೋಪಿನ ಹಬೆ, ಗೋಡೆಯುದ್ದಕ್ಕೂ ಹಗ್ಗ. ಅಕ್ಕ ಒಂದು ಒಣ ಕಂಬಳಿಯನ್ನು ನನ್ನ ತೋಳಿನ ಮೇಲೆ ಹಾಕಿ, "ಎಷ್ಟಿದೆ?" ಎಂದರು.

"ಗೊತ್ತಿಲ್ಲ ಅಕ್ಕ."

"ತಕ್ಕಡಿ ಮಗಳಾಗಿ ಗೊತ್ತಿಲ್ಲ ಅಂತೀಯಲ್ಲೇ! ಆ ನಿಮ್ಮಪ್ಪನಿಗೆ ಕೊಳೆ ಬಟ್ಟೆನೇ ಆಗಲ್ವೇನೋ, ಒಂದು ದಿನ ಈ ಮೆಟ್ಲು ಹತ್ತಿದೋರಲ್ಲ." ಆಮೇಲೆ ತೊಟ್ಟಿಯಿಂದ ಇನ್ನೊಂದು ಕಂಬಳಿ ಎತ್ತಿ, ನೀರು ಸೋರುತ್ತಿದ್ದಂತೆಯೇ ಮೊದಲಿನದರ ಜಾಗದಲ್ಲಿ ಹಾಕಿದರು. ನನ್ನ ತೋಳು ಜಗ್ಗಿ ಹೋಯಿತು.

"ಎರಡು ಕಿಲೋ ಕಂಬಳಿ, ನೀರು ಕುಡಿದ್ರೆ ಐದು. ಅದಕ್ಕೇ ನಾವು ಒಣಗಿದ್ದಾಗಲೇ ತೂಗೋದು. ಒದ್ದೆ ತೂಗಿದ್ರೆ ಗಿರಾಕಿ ಮೈಮೇಲೆ ಬೀಳ್ತಾರೆ. ಆ ವಾರ ಮಳೆ ಇತ್ತು. ಕಂಬಳಿ ಹೊರಗೇ ಬಿದ್ದಿತ್ತು ಅಂತ ಯಾರೋ ಅಂದ್ರು. ನಾನು ಮುಂದಕ್ಕೆ ಕೇಳ್ಲಿಲ್ಲ. ಕೇಳಿದ್ರೆ ಯಾರಾದ್ರೂ ಉತ್ತರ ಹೇಳಿಬಿಡ್ತಾರಲ್ಲ ಅಂತ ಭಯ."

"ಈಗ ಭಯ ಇಲ್ವಾ?"

"ಭಯಕ್ಕೂ ವಯಸ್ಸಾಗುತ್ತೆ ಕಣೇ."

ಒಣ ತೂಕ! ಒದ್ದೆ ಕಂಬಳಿ ತುಂಬಿ, ಒಣ ತೂಕ ಬರೆದು, ಯಾವನೋ ನೆರಳಲ್ಲಿ ಕೂತು ಸಹಿ ಹಾಕಿದ್ದಾನೆ. ಸಿಕ್ಕಿತು. ಆ ಕಂಬಳಿಯ ಭಾರ ಮಾತ್ರ ತೋಳಿನಿಂದ ಇನ್ನೂ ಇಳಿದಿಲ್ಲ. ಬರೆಯುವಾಗಲೂ ಇದೆ.

ಸೆಪ್ಟೆಂಬರ್ 10, ಮಂಗಳವಾರ

ಕರಪತ್ರ ಅಚ್ಚಾಯಿತು. ಇನ್ನೂರು ಪ್ರತಿ.

"ಒದ್ದೆ ಕಂಬಳಿಗೆ ಒಣ ತೂಕ ಬರೆದವನೇ, ನೀನೆಲ್ಲಿ ಅಡಗಿದ್ದೀಯೆ? ತೂಕದ ಹಾಳೆಗೆ ಸಹಿ ಹಾಕಿದ ಕೊಲೆಗಾರ, ಐವರ ಹೆಸರಿನ ಎದುರಿಗೆ ಬಂದು ನಿಲ್ಲು!"

29ರಂದು ಬಟ್ಟೆಯ ತೆರೆ ಸರಿಯುವ ಹೊತ್ತಿಗೆ ಪ್ರತಿಯೊಬ್ಬರ ಕೈಯಲ್ಲೂ ಇದು ಇರಬೇಕು. ಮನೆಗೆ ತಂದಾಗ ಅಪ್ಪ ಬಾಗಿಲಲ್ಲೇ ಕಟ್ಟನ್ನು ಇಸಿದುಕೊಂಡು ಎತ್ತಿ ನೋಡಿದ.

"ಅರ್ಧ ಕಿಲೋ. ಏನಿದು?"

"ಸತ್ಯ."

"ಇಷ್ಟೇನಾ ತೂಗೋದು?" ಎಂದು ನಕ್ಕ. ಅಪ್ಪ ತಮಾಷೆ ಮಾಡಿ ಎಷ್ಟು ಕಾಲವಾಗಿತ್ತು.

ಸೆಪ್ಟೆಂಬರ್ 13, ಶುಕ್ರವಾರ

ಸ್ಮಾರಕ ಸಮಿತಿಯ ನಿವೃತ್ತ ಅಧಿಕಾರಿ ಬಂದಿದ್ದರು. ಕುಳಿತರೂ ಎದ್ದರೂ ಒಂದು ಮಡಿಕೆ ಬೀಳದ ಬಟ್ಟೆ, ಅದಕ್ಕೇ ಮೇಸ್ತ್ರಿ ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರಿಟ್ಟಿದ್ದಾರೆ. ಹುದ್ದೆಗಳ ಕಾಗುಣಿತ ತಾಳೆ ನೋಡಲು ಒಂದು ಹಳೆಯ ಫೈಲು ಬಿಟ್ಟುಹೋದರು. ಅದರೊಳಗೆ ಆ ದಿನದ ತೂಕದ ಹಾಳೆಯ ಜೆರಾಕ್ಸ್ ಇತ್ತು.

ಕಂಬಳಿ, ನೂರು ಕಟ್ಟು, ಕಟ್ಟಿಗೆ ನಲವತ್ತು ಕಿಲೋ. ಕೆಳಗೆ ಎರಡು ಸಹಿ. ಒಂದು ಲೋಡ್ ಮಾಸ್ಟರ್‌ನದು, ಗಿಡ್ಡಕ್ಕೆ, ದೀರ್ಘವಿಲ್ಲದೆ.

ಇನ್ನೊಂದು 'ತೂಗಿದವರು' ಎಂಬ ಪದದ ಎದುರಿಗೆ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದು ಇಡೀ ಹೆಸರಿನ ಕೆಳಗೆ ಗೆರೆ ಎಳೆಯುತ್ತದೆ. ಗೆರೆಯ ಕೆಳಗೆ ಎರಡು ಚುಕ್ಕಿ. ನನ್ನ ಹತ್ತು ವರ್ಷದ ಅಂಕಪಟ್ಟಿಗಳ ಮೇಲೆಲ್ಲ ಈ ಸಹಿ ಇದೆ. ಗಣಿತದಲ್ಲಿ ಮೂವತ್ತೆಂಟು ಬಂದ ವರ್ಷ ಆ ಎರಡು ಚುಕ್ಕಿಗಳನ್ನು ಕಾಗದ ತೂತಾಗುವಂತೆ ಒತ್ತಿದ್ದ.

ಮೇಸ್ತ್ರಿ, "ಏನಮ್ಮ, ಕಾಗುಣಿತ ತಪ್ಪಿದೆಯಾ?" ಎಂದರು.

ಇಲ್ಲ, ಎಲ್ಲ ಸರಿ ಇದೆ ಎಂದೆ.

ಸೆಪ್ಟೆಂಬರ್ 14, ಶನಿವಾರ

ಮೂರನೆಯ ಹೆಸರು ಮುಗಿಯಿತು. ಸುತ್ತಿಗೆ ಮುಕ್ಕಾಲು ಕಿಲೋ. ಉಳಿ ಮುನ್ನೂರು ಗ್ರಾಂ.

ಸೆಪ್ಟೆಂಬರ್ 17, ಮಂಗಳವಾರ

ನಾಲ್ಕು ದಿನದಿಂದ ಅಪ್ಪನ ಮುಖ ನೋಡಿ ಮಾತಾಡಿಲ್ಲ. ಅವನೂ ಕೇಳಿಲ್ಲ. ಬಟ್ಟೆ ಒಣಹಾಕಿದ, ತೆಗೆದ, ಕೆನ್ನೆಗೆ ಒತ್ತಿದ. ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಒತ್ತಿದ್ದಾನೆ. ನಾನು ಅದನ್ನು ಹುಚ್ಚು ಎಂದುಕೊಂಡಿದ್ದೆ.

ಮಳೆ ಬಂದಾಗ ಕಿಟಕಿಯಲ್ಲಿ ನಿಂತು ನೋಡಿದರೆ ಪಕ್ಕದ ಮನೆಯ ತಂತಿಯಲ್ಲಿ ಐದು ಅಂಗಿ ನೆನೆಯುತ್ತಿದ್ದವು. ತೋಳುಗಳು ಕೆಳಕ್ಕೆ ಜೋತುಬಿದ್ದು, ತುದಿಯಿಂದ ನೀರು ಇಳಿಯುತ್ತಿತ್ತು. ಅಪ್ಪ ಮನೆಯಲ್ಲಿರಲಿಲ್ಲ. ನಾನೇ ಓಡಿಹೋಗಿ ತಂದೆ.

ಸಂಜೆ ಮಂಚದ ಕೆಳಗಿನಿಂದ ಕರಪತ್ರದ ಕಟ್ಟು ಎಳೆದೆ. ನಾನು ಹಾಕಿದ್ದು ಬೂಟಿನ ದಾರಕ್ಕೆ ಹಾಕುವ ಸಾದಾ ಗಂಟು. ಈಗ ಇರುವುದು ಬೇರೆ. ಎರಡು ಸುತ್ತು, ಒಳಗಿನಿಂದ ಒಂದು ಎಳೆ, ಮೇಲೆ ಚಪ್ಪಟೆ. ಪಾರ್ಸೆಲ್‌ಗಳಿಗೆ, ಹಾಸಿಗೆ ಸುರುಳಿಗೆ, ನನ್ನ ಶಾಲೆಯ ಚೀಲಕ್ಕೆ ಅಪ್ಪ ಹಾಕುವ ಗಂಟು. ಎಷ್ಟು ಅಲುಗಿಸಿದರೂ ಬಿಚ್ಚುವುದಿಲ್ಲ.

ಓದಿದ್ದಾನೆ. ಓದಿ, ಮತ್ತೆ ಬಿಗಿಯಾಗಿ ಕಟ್ಟಿಟ್ಟಿದ್ದಾನೆ.

ಸೆಪ್ಟೆಂಬರ್ 18, ಬುಧವಾರ

ನಾನು ಕೆಲಸಕ್ಕೆ ಹೋಗಲಿಲ್ಲ. ಅವನೂ ಹೋಗಲಿಲ್ಲ. ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಮಡಿಸುತ್ತಿದ್ದ. ನಾನು ಹೋಗಿ ಹಾಸಿನ ಇನ್ನೊಂದು ತುದಿ ಹಿಡಿದೆ.

"ನಿನ್ನ ಕಾಗದದಲ್ಲಿ ಅಕ್ಷರ ಚೆನ್ನಾಗಿ ಬಂದಿದೆ" ಎಂದ.

"ಆ ಸಹಿ ನಿನ್ನದು ಅಂತ ನನಗೆ ಗೊತ್ತಿರಲಿಲ್ಲ ಅಪ್ಪ."

"ಗೊತ್ತಿದ್ರೆ ಬರೀತಿರಲಿಲ್ವಾ?"

ಹಾಸನ್ನು ಎರಡಾಗಿ, ನಾಲ್ಕಾಗಿ ಮಡಿಸಿದೆವು. ಅವನು ಹೇಳುತ್ತಾ ಹೋದ, ಯಾರದೋ ಪಾರ್ಸೆಲಿನ ವಿವರ ಓದುವವನ ಹಾಗೆ.

"ಸೋಮವಾರ ತೂಗಿದ್ವಿ. ಕಟ್ಟಿಗೆ ಇಪ್ಪತ್ತು ಕಂಬಳಿ, ನಲವತ್ತು ಕಿಲೋ. ಮಂಗಳವಾರ ಇಡೀ ದಿನ ಮಳೆ. ಟಾರ್ಪಾಲು ಹರಿದಿತ್ತು. ಬುಧವಾರ ಬೆಳಿಗ್ಗೆ, ಈಗಿಂದೀಗಲೇ ಹೊರಡಬೇಕು ಅಂತ ಆರ್ಡರ್ ಬಂತು. ನೆರೆಯಲ್ಲಿ ಮಕ್ಕಳು ಮರದ ಮೇಲೆ ಕೂತಿದಾವೆ ಅಂದ್ರು."

"ಮತ್ತೆ ತೂಗಲಿಲ್ವಾ?"

"ತೂಕದ ಮಿಷನ್ನು ಆಚೆ ಶೆಡ್ಡಿನಲ್ಲಿ. ಎರಡು ಗಂಟೆ ಕೆಲಸ. ನಾನು ಒಂದು ಕಟ್ಟು ಎತ್ತಿ ನೋಡಿದೆ. ಅರವತ್ತಕ್ಕೆ ಕಮ್ಮಿ ಇರಲಿಲ್ಲ. ಲೋಡ್ ಮಾಸ್ಟರ್‌ಗೆ ಹೇಳ್ದೆ. ಅವನೂ ಎತ್ತಿದ. ಎತ್ತಿ ನಕ್ಕ. 'ನೀರು ತಾನೇ ಕಣೋ, ಮೇಲೆ ಹೋದ್ರೆ ಗಾಳಿಗೆ ಒಣಗುತ್ತೆ. ಮಕ್ಕಳು ಮರದ ಮೇಲಿದಾವೆ, ಬರಿ' ಅಂದ. ಸೋಮವಾರದ್ದನ್ನೇ ಬರೆದೆ. ಅವನು ಸಹಿ ಹಾಕ್ದ, ನಾನು ಹಾಕ್ದೆ."

"ಹೊರಡಿ ಅಂತ ಆರ್ಡರ್ ಕೊಟ್ಟವರು? ಅವರದಲ್ವಾ ತಪ್ಪು?"

"ಅವರಿಗೆ ಕಂಬಳಿ ಒದ್ದೆ ಅಂತ ಹೇಳಿದೋರು ಯಾರು?"

ತಂತಿಯ ಮೇಲೆ ಇನ್ನೂ ಎರಡು ಬಟ್ಟೆ ಇದ್ದವು. ಇಬ್ಬರೂ ಅವನ್ನು ತೆಗೆಯಲಿಲ್ಲ.

"ವಿಚಾರಣೆಯಲ್ಲಿ ಏನಂದೆ?"

"ಹಾಳೆ ಪ್ರಕಾರ ತೂಕ ಸರಿ ಇತ್ತು ಅಂದೆ. ಒದ್ದೆ ಅಂತ ಬಾಯಿ ಬಿಟ್ಟಿದ್ರೆ ತಪ್ಪನ್ನ ಸತ್ತವನ ತಲೆಗೆ ಕಟ್ತಿದ್ರು. ಆಯಮ್ಮನಿಗೆ ಬರೋ ಪಿಂಚಣಿನೂ ನಿಲ್ತಿತ್ತು." ಮಡಿಸಿದ ಹಾಸನ್ನು ಕೆಳಗಿಟ್ಟ. "ಹಾಗಂತ ನಾನು ಅಂದ್ಕೊಂಡಿದೀನಿ. ನನ್ನ ತಲೆ ಉಳಿಸಿಕೊಳ್ಳೋಕೆ ಸುಮ್ಮನಿದ್ದೆನೋ ಏನೋ. ಎರಡರಲ್ಲಿ ಯಾವುದು ಎಷ್ಟಿತ್ತು ಅಂತ ತೂಗೋಕೆ ಇವತ್ತಿಗೂ ಆಗಿಲ್ಲ ಮಗಳೇ."

ಆಮೇಲೆ ಕೇಳಿದ, "ಅವನ ಹೆಸರು ಕೆತ್ತಿ ಆಯ್ತಾ?"

"ಇನ್ನೂ ಇಲ್ಲ. ಕೊನೇದು."

"ಆಳವಾಗಿ ಕೆತ್ತು."

ಸೆಪ್ಟೆಂಬರ್ 20, ಶುಕ್ರವಾರ

ಐದೂ ಹೆಸರು ಮುಗಿದವು. ಕೊನೆಯ ಸಾಲು ಮಾತ್ರ ಉಳಿದಿದೆ.

ಮೇಸ್ತ್ರಿಗೆ ಎಲ್ಲ ಹೇಳಿದೆ, ಅಪ್ಪನ ಅಪ್ಪಣೆ ಪಡೆದು. ಅವರು ಬೀಡಿಯನ್ನು ಕೊನೆಯವರೆಗೂ ಸೇದಿ ಆರಿಸಿದರು. "ಹವಾಮಾನ ಅಂದ್ರೆ ಪೂರ್ತಿ ಸುಳ್ಳೂ ಅಲ್ಲವಲ್ಲಮ್ಮ. ಮಳೆ ಬಂದಿದ್ದು ಹೌದಲ್ಲ" ಎಂದರು.

ಹದಿನೈದು ದಿನದ ಹಿಂದೆ ಆಗಿದ್ದರೆ ಈ ಮಾತಿಗೆ ಅಂಗಡಿ ಹಾರಿಹೋಗುವಂತೆ ಜಗಳವಾಡುತ್ತಿದ್ದೆ. ಇವತ್ತು ಸುಸ್ತಾಗಿತ್ತು.

"ಆದ್ರೆ ಅದನ್ನ ಸಾಕು ಅನ್ನಬೇಕಾದೋಳು ನಾನಲ್ಲ ಮೇಸ್ತ್ರಿ" ಎಂದೆ. "ಅಕ್ಕ ಹೇಳ್ಬೇಕು. ಎಲ್ಲ ಕೇಳಿದ ಮೇಲೆ."

"ಗುರುವಾರ ಸಂಜೆ ಒಳಗೆ ಹೇಳಿಸು. ಒಂದು ಸಾಲಿಗೆ ಎರಡು ದಿನ ಬೇಕು. ಇಸ್ತ್ರಿ ಸಾಹೇಬರನ್ನ ನಾನು ನೋಡ್ಕೋತೀನಿ, ಕಲ್ಲಲ್ಲಿ ನರ ಸಿಕ್ಕಿದೆ, ಉಳಿ ಜಾರುತ್ತೆ, ನಿಧಾನ ಅಂತೀನಿ. ಅವರಿಗೆ ಕಲ್ಲಿನ ನರವೂ ಒಂದೇ, ಹುಣಸೇ ನಾರೂ ಒಂದೇ."

ಗೋಡೆಯ ಮೇಲಿನ ಚೀಟಿ ಬಿದ್ದುಹೋಗಿದೆ. ಗೋಂದು ಒಣಗಿರಬೇಕು.

ಸೆಪ್ಟೆಂಬರ್ 21, ಶನಿವಾರ

ಪುಡಿ ಹೋಗಲೆಂದು ಕಲ್ಲನ್ನು ಮಲಗಿಸಿ ನೀರು ಸುರಿದು ಉಜ್ಜಿದೆ. ಎರಡು ಕೊಡ, ಕೊಡಕ್ಕೆ ಹನ್ನೆರಡು ಕಿಲೋ. ಬಿಸಿಲಿತ್ತು. ನೋಡುತ್ತಿದ್ದಂತೆ ಕಲ್ಲಿನ ಮೈ ಒಣಗಿ ಬೆಳ್ಳಗಾಯಿತು. ಅಕ್ಷರಗಳೊಳಗಿನ ನೀರು ಮಾತ್ರ ಹಾಗೇ ನಿಂತಿತ್ತು. ಇಡೀ ಕಲ್ಲು ಒಣಗಿದೆ, ಐದು ಹೆಸರು ಒದ್ದೆ. ಐದನೆಯದು ಎಲ್ಲಕ್ಕಿಂತ ಕಪ್ಪಗೆ, ಯಾಕೆಂದರೆ ಎಲ್ಲಕ್ಕಿಂತ ಆಳವಾಗಿ ಕೆತ್ತಿದ್ದೇನೆ.

ಅಂಗೈಯನ್ನು ಅದರ ಮೇಲಿಟ್ಟೆ. ತಣ್ಣಗಿತ್ತು. ಆಮೇಲೆ ಮೇಸ್ತ್ರಿ, "ಏನೇ, ಕಲ್ಲಿಗೆ ಜ್ವರ ನೋಡ್ತಿದೀಯಾ?" ಎಂದಾಗ ಗೊತ್ತಾಯಿತು, ನಾನು ಕೆನ್ನೆಯನ್ನೂ ಒತ್ತಿದ್ದೆ.

ಮೂರು ಗಂಟೆಯವರೆಗೂ ಐದನೆಯ ಹೆಸರು ಒಣಗಲಿಲ್ಲ.

ಕಲ್ಲು ಸಾಗಿಸುವಾಗ ಮೂಲೆ ಒಡೆಯದಂತೆ ಸುತ್ತಲು ಮೇಸ್ತ್ರಿ ಹಳೆ ಕಾಗದ ಕೇಳಿದರು. ಮನೆಗೆ ಹೋಗಿ ಕರಪತ್ರದ ಕಟ್ಟು ತಂದೆ. ಅರ್ಧ ಕಿಲೋ. ಗಂಟು ಬಿಚ್ಚಲು ಬರಲಿಲ್ಲ, ದಾರ ಕತ್ತರಿಸಬೇಕಾಯಿತು.

ಸೆಪ್ಟೆಂಬರ್ 23, ಸೋಮವಾರ

ಅಕ್ಕನಿಗೆ ಎಲ್ಲವನ್ನೂ ತಾನೇ ಹೇಳುತ್ತೇನೆಂದು ಅಪ್ಪ ನಿನ್ನೆ ಒಪ್ಪಿದ. ಇವತ್ತು ಲಾಂಡ್ರಿಗೆ ಹೋದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತುಗಳೆಲ್ಲ ಮೆಟ್ಟಿಲ ಹತ್ತಿರವೇ ಉದುರಿಹೋದವು.

"ಅಕ್ಕ, ನಮ್ಮಪ್ಪ ನಿಮ್ಮನ್ನ ನೋಡ್ಬೇಕಂತೆ."

ಅವರು ಮಿಷನ್ನಿನ ಬಾಗಿಲು ಹಾಕಿ, ಕೈ ಒರೆಸಿಕೊಂಡರು. "ಯಾರು, ತಕ್ಕಡಿನಾ?"

"ಹೂಂ."

"ಕಂಬಳಿ ವಿಷಯನಾ?"

"ಹೂಂ."

"ಇಪ್ಪತ್ಮೂರು ವರ್ಷದಿಂದ ಈ ರಸ್ತೆ ತಪ್ಪಿಸಿ ಸುತ್ತಿಕೊಂಡು ಹೋಗೋ ಮನುಷ್ಯ. ನಾನೇನು ಕುರುಡಿನಾ?" ಹಗ್ಗದ ಮೇಲಿನ ಒಂದು ಹಾಸನ್ನು ಸುಮ್ಮನೆ ಎಳೆದು ಸರಿಮಾಡಿದರು. "ನಮ್ಮನೆಯವರ ಮೇಲೂ ಏನೋ ಬರುತ್ತೆ ಅಲ್ವಾ, ಆ ಮಾತಲ್ಲಿ?"

ತಲೆಯಾಡಿಸಿದೆ.

"ನೀನು ಹೇಳ್ಬೇಡ. ಎತ್ತಿದೋರ ಬಾಯಲ್ಲೇ ಕೇಳ್ತೀನಿ. ಗುರುವಾರ ಹನ್ನೊಂದಕ್ಕೆ ಬರೋಕೆ ಹೇಳು. ಆ ಹೊತ್ತಿಗೆ ಮಿಷನ್ನು ನಿಲ್ಲಿಸಿರ್ತೀನಿ, ಮಾತು ಕೇಳ್ಸುತ್ತೆ." ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು, "ಕೈ ಬೀಸಿಕೊಂಡು ಬರೋದು ಬೇಡ ಅನ್ನು. ತೊಳೆಯೋದು ಏನಾದ್ರೂ ತರಲಿ. ರಸ್ತೆಯಲ್ಲಿ ನೋಡೋರಿಗೆ ಗಿರಾಕಿ ಅನ್ನಿಸಲಿ."

ಮನೆಗೆ ಬಂದು ಹೇಳಿದೆ. ಅಪ್ಪ, "ಎಷ್ಟು ಗಂಟೆ ಅಂದ್ರು?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಹೇಳಿದೆ. ಅಟ್ಟದಿಂದ ಅಮ್ಮನ ಹಳೆಯ ಕಂಬಳಿ ಇಳಿಸಿ ನನ್ನ ತೋಳಿಗೆ ಹಾಕಿದ.

"ಎರಡು ಕಿಲೋ" ಎಂದೆ.

"ಮೇಲೆ ನೂರು ಗ್ರಾಂ. ಧೂಳು" ಎಂದ.

ಬಾಗಿಲ ಪಕ್ಕದ ಕುರ್ಚಿಯ ಮೇಲೆ ಮಡಿಸಿಟ್ಟಿದ್ದೇವೆ. ಗುರುವಾರ, 26ನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ, ಲಾಂಡ್ರಿಯಲ್ಲಿ.